ಮೂರನೆಯ ಸೂಜಿ

ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅಪ್ಪನ ಹಿಟ್ಟಿನ ಗಿರಣಿ ಇದೆ. ಹಾನಗಲ್ಲಿನ ನಮ್ಮ ಓಣಿಯವರು ಜೋಳದ ಡಬ್ಬಿ ಹೊತ್ತು ಬಂದಾಗ ಗಿರಣಿಯ ಬಾಗಿಲು ಮುಚ್ಚಿದ್ದರೆ ಕರೆಂಟ್ ಹೋಗಿದೆಯೇ ಎಂದು ಕೇಳುವುದಿಲ್ಲ. ‘ಮಗಳ ತಲಿ ಎದ್ದೈತೇನ್ರಿ?’ ಎಂದು ಕೇಳುತ್ತಾರೆ. ನನ್ನ ತಲೆನೋವಿಗೆ ಗಿರಣಿಯ ಸದ್ದು ಆಗದೆಂದು ಓಣಿಗೆಲ್ಲ ಗೊತ್ತು. ಅಪ್ಪ ಹೂಂ ಎನ್ನುತ್ತಾನೆ. ಅವರು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಹೆಸರಿನ ಚೀಟಿ ಸಿಕ್ಕಿಸಿ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಏಳೆಂಟು ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಒಳಕೋಣೆಯಲ್ಲಿ ಕಿಟಕಿಗೆ ಕೌದಿ ಇಳಿಬಿಟ್ಟು, ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಬಿಗಿದುಕೊಂಡು ಮಲಗಿದ ನನಗೆ ಅವು ಕಾಣುವುದಿಲ್ಲ. ಆದರೆ ಒಂದೊಂದು ಡಬ್ಬಿಯ ತಳ ಕಲ್ಲಿಗೆ ತಾಗಿದ ಸದ್ದೂ ನನ್ನ ಎಡಗಣ್ಣಿನ ಹಿಂದೆ ಬಂದು ಬಡಿಯುತ್ತದೆ. ಇವತ್ತು ಎಷ್ಟು ಮನೆಯ ರೊಟ್ಟಿ ನನ್ನಿಂದ ತಡವಾಯಿತು ಎಂದು ನಾನು ಹಾಗೆ ಎಣಿಸುತ್ತೇನೆ.

ನನಗೆ ಇಪ್ಪತ್ತೆಂಟು. ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅದಕ್ಕೂ ಮೊದಲು ನಾನು ಚರ್ಚಾಸ್ಪರ್ಧೆಯ ಹುಡುಗಿಯಾಗಿದ್ದೆ. ಪರ ಬರಲಿ, ವಿರೋಧ ಬರಲಿ, ಚೀಟಿಯಲ್ಲಿ ಯಾವುದು ಬಂದರೂ ಐದು ನಿಮಿಷದಲ್ಲಿ ಎದುರಿನವರ ಮಾತಿನ ಸಡಿಲ ಹಲ್ಲು ಯಾವುದೆಂದು ಹುಡುಕಿ ಅಲ್ಲಾಡಿಸುತ್ತಿದ್ದೆ. ಆ ಚಾಳಿ ಮನೆಗೂ ಬಂತು. ದೃಷ್ಟಿ ತೆಗೆಯಲು ಉಪ್ಪು-ಮೆಣಸಿನಕಾಯಿ ಹಿಡಿದು ಬಂದ ಸೋದರತ್ತೆಗೆ ‘ಆಧಾರ ಏನು?’ ಎಂದೆ. ‘ಆಧಾರ ಅಂದ್ರ ಕಾರ್ಡೇನ?’ ಎಂದು ಅವಳು ನನ್ನ ಮುಖದ ಸುತ್ತ ಮೂರು ಸಲ ಇಳಿಸಿ ಒಲೆಗೆ ಹಾಕಿದಳು. ಬಿ.ಎ. ಎರಡನೆಯ ವರ್ಷದಲ್ಲಿ ಕೊರಳ ಲಿಂಗವನ್ನು ತೆಗೆದಿಟ್ಟೆ. ಅವ್ವ ಅಳಲಿಲ್ಲ, ಜಗಳವಾಡಲಿಲ್ಲ. ಅದನ್ನು ಜಗಲಿಯ ಮೇಲೆ, ಅಂದರೆ ನಮ್ಮ ದೇವರ ಕಟ್ಟೆಯ ಮೇಲೆ, ತನ್ನ ಪೂಜೆಯ ಬಟ್ಟಲ ಪಕ್ಕದಲ್ಲಿಟ್ಟಳು. ಅವತ್ತಿನಿಂದ ಎರಡೂ ಲಿಂಗಕ್ಕೆ ಅವಳದೇ ಪೂಜೆ.

ಮೊದಲ ಸಲ ತಲೆ ಎದ್ದದ್ದು ಹಿರೇಕೆರೂರಿನಲ್ಲಿ, ಅಂತರಕಾಲೇಜು ಸ್ಪರ್ಧೆಯ ನಡುವೆ. ನನ್ನ ಸರದಿ ಬಂದು ಎದ್ದು ನಿಂತೆ. ತೀರ್ಪುಗಾರರ ಮುಖದ ಎಡಭಾಗ ಇರಲಿಲ್ಲ. ಅಲ್ಲಿ ಕನ್ನಡಿ ಚೂರಿನ ಹಾಗೆ ಅಂಕುಡೊಂಕಾದ ಬೆಳಕು ಮಿಣುಕುತ್ತಿತ್ತು. ಅರ್ಧ ಮುಖಕ್ಕೇ ವಾದ ಮಂಡಿಸಿ, ಬಹುಮಾನ ತೆಗೆದುಕೊಂಡು, ಹೊರಗೆ ಬಂದು ನಲ್ಲಿಯ ಬಳಿ ವಾಂತಿ ಮಾಡಿಕೊಂಡೆ. ಆಮೇಲೆ ವರ್ಷಕ್ಕೆ ನಾಲ್ಕು ಸಲ, ಆಮೇಲೆ ತಿಂಗಳಿಗೆ ನಾಲ್ಕು ಸಲ. ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅರೆದಲೆ ನೋವಿಗೆ ಸೂರ್ಯ ಹುಟ್ಟುವ ಮೊದಲೇ ಮೂಗಿಗೆ ಸೊಪ್ಪಿನ ರಸ ಬಿಡುವವರಿದ್ದಾರೆ ಎಂದು ಅವ್ವ ಕರೆದುಕೊಂಡು ಹೋದಳು. ನಾನು ಹೋದದ್ದು ನಂಬಿ ಅಲ್ಲ. ನೋವು ಮನುಷ್ಯನನ್ನು ಯಾವ ಬಾಗಿಲಿಗೆ ಬೇಕಾದರೂ ನಿಲ್ಲಿಸುತ್ತದೆ, ಅಷ್ಟೆ. ಮೂಗು ಎರಡು ದಿನ ಉರಿಯಿತು. ತಲೆ ಅದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಮೂರನೆಯ ದಿನ ಎದ್ದಿತು.

ಇಪ್ಪತ್ತಾರಕ್ಕೆ ಬರುವಷ್ಟರಲ್ಲಿ ತಿಂಗಳಿಗೆ ಹತ್ತೊಂಬತ್ತು ದಿನ ಅದರದು, ಉಳಿದದ್ದು ನನ್ನದು. ನನ್ನದೆಂಬ ದಿನಗಳೂ ನಿಜವಾಗಿ ನನ್ನವಲ್ಲ. ನಾಳೆ ಬರುತ್ತದೋ ಎಂದು ಕಾಯುವ ದಿನಗಳು ಅವು. ಬಸ್ಸಿನಲ್ಲಿ ಯಾರಾದರೂ ಅಗರಬತ್ತಿ ಹಚ್ಚಿದರೆ ಇಳಿದುಬಿಡುತ್ತಿದ್ದೆ. ಮದುವೆಗೆ ಹೋಗುವುದು ಬಿಟ್ಟೆ. ನೋವಿನ ಗುಳಿಗೆಯನ್ನು ಚಹಾದಂತೆ ನುಂಗುತ್ತ ಹೋದೆ. ಹೀಗೆ ನುಂಗಿದರೆ ಆ ಗುಳಿಗೆಯೇ ತಲೆನೋವು ಹುಟ್ಟಿಸುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಬಿಡಿಸಿಕೊಳ್ಳಲು ಹಿಡಿದ ಹಗ್ಗವೇ ಉರುಲಾಗುವುದೆಂದರೆ ಇದೇ.

ನೋವು ಬಾರದಂತೆ ಮೊದಲೇ ತಡೆಯುವ ಮಾತ್ರೆಗಳನ್ನು ಕೊಟ್ಟರು. ಮೊದಲನೆಯದು ನಾಡಿಯನ್ನೇ ನಿಧಾನ ಮಾಡಿತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಎರಡನೆಯದು ನಿದ್ದೆ ಕೊಟ್ಟಿತು, ಏಳುವುದನ್ನು ಕೊಡಲಿಲ್ಲ. ಮೂರನೆಯದು ಮಾತು ಕದ್ದಿತು. ತರಗತಿಯಲ್ಲಿ ರಾಜ್ಯಪಾಲರ ಅಧಿಕಾರ ಹೇಳುತ್ತಿದ್ದೆ. ಅಧಿವೇಶನ ಇಲ್ಲದಿದ್ದಾಗ ಅವರು ಹೊರಡಿಸುವುದು... ಎಂದು ನಿಂತೆ. ಆ ಪದ ಇದ್ದ ಜಾಗ ಗೊತ್ತು, ಅಲ್ಲಿ ಪದವಿಲ್ಲ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, ‘ಸುಗ್ರೀವಾಜ್ಞೆ ಏನ್ರಿ ಮೇಡಂ?’ ಎಂದಳು. ಅವಳ ದನಿಯಲ್ಲಿದ್ದ ಕನಿಕರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ತಲೆ ಹೋದರೆ ಕೌದಿಯ ಹಿಂದೆ ಮಲಗಬಹುದು. ಮಾತೂ ಹೋದರೆ ನನ್ನ ಹತ್ತಿರ ಉಳಿಯುವುದೇನು? ಆ ಮಾತ್ರೆ ಬಿಟ್ಟೆ. ಹುಬ್ಬಳ್ಳಿಗೆ ಹೋಗಿ ಹಣೆ, ಕಪಾಲ, ಕತ್ತಿನ ಹಿಂದೆ ಸಾಲು ಸಾಲಾಗಿ ಸಣ್ಣ ಸೂಜಿ ಚುಚ್ಚಿಸಿಕೊಂಡದ್ದೂ ಆಯಿತು. ಎರಡು ಸುತ್ತು. ಹಣೆ ನುಣುಪಾಯಿತು, ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು.

ಹಾಗೆ ಕೊನೆಗೆ ಉಳಿದದ್ದು ಪೆನ್ನಿನಂಥ ಸೂಜಿ. ತಿಂಗಳಿಗೊಮ್ಮೆ ತೊಡೆಗೋ ಹೊಟ್ಟೆಗೋ ಒತ್ತಿದರೆ ಔಷಧ ತಾನೇ ಚರ್ಮದ ಕೆಳಗೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ತಿಂಗಳಿಗೊಂದು ದಿನ ಸವಣೂರಿನ ಸಣ್ಣ ಆಸ್ಪತ್ರೆಗೆ ಬರುವ ನರರೋಗದ ಲೇಡಿ ಡಾಕ್ಟರ್, ನಮ್ಮ ಕಡೆಯವರ ಬಾಯಲ್ಲಿ ಬಾಯಾರು, ಅದನ್ನು ನನ್ನ ಮುಂದಿಟ್ಟಾಗ ನಾನು ನನ್ನ ಹಳೆಯ ಪ್ರಶ್ನೆ ತೆಗೆದೆ.

‘ಇದು ಕೆಲಸ ಮಾಡತೈತಿ ಅನ್ನೂದಕ್ಕ ಆಧಾರ ಏನ್ರಿ?’

‘ಬಹಳ ಮಂದಿಗೆ ನೋವಿನ ದಿನಾ ಕಡಿಮಿ ಆಗತಾವ್ರಿ. ಕೆಲವರಿಗೆ ಏನೂ ಆಗೂದಿಲ್ಲ. ನೀವು ಯಾವ ಪೈಕಿ ಅಂತ ಹಾಕಿದ ಮ್ಯಾಲನ ಗೊತ್ತಾಗೂದು.’

‘ಅಂದ್ರ ನನ್ನ ಮ್ಯಾಲ ಪ್ರಯೋಗ.’

‘ಹೌದ್ರಿ. ನೀವು ಒಪ್ಪಿದ್ರ.’

ಎದುರಾಳಿ ಹೀಗೆ ಎಲ್ಲವನ್ನೂ ಒಪ್ಪಿಕೊಂಡರೆ ವಾದ ಮಾಡುವುದು ಹೇಗೆ? ಅವರು ಮುಂದುವರಿಸಿದರು. ‘ಮೂರು ತಿಂಗಳ, ಮೂರು ಸೂಜಿ. ನೋವಿನ ದಿನಾ ಒಂದ ವಹಿಯಾಗ ಬರದ ಇಡ್ರಿ. ಮೂರು ಆದ ಮ್ಯಾಲೂ ಏನೂ ಬದಲಾಗಲಿಲ್ಲ ಅಂದ್ರ ಬಿಡೋಣು. ಸುಳ್ಳ ಹೇಳೂದಿಲ್ಲ, ಆಮ್ಯಾಲೆ ನಿಮಗ ಕೊಡಾಕ ನನ್ನ ಕಡೆ ಹೆಚ್ಚೇನೂ ಉಳಿಯೂದಿಲ್ಲ.’

ಮೊದಲ ಎರಡನ್ನು ಸವಣೂರಿನಲ್ಲೇ ನರ್ಸ್ ಹಾಕಿದಳು. ಮೊದಲ ತಿಂಗಳು ಹತ್ತೊಂಬತ್ತು ದಿನ. ಎರಡನೆಯ ತಿಂಗಳು ಹದಿನೇಳು. ಎರಡು ದಿನದ ಇಳಿಕೆಯಿಂದ ಏನನ್ನೂ ಸಾಧಿಸಲಾಗದು. ಅದು ಮಳೆಯಿಂದಾದರೂ ಆಗಿರಬಹುದು, ಕಾಲೇಜಿನ ರಜೆಯಿಂದಾದರೂ ಆಗಿರಬಹುದು. ಎಲ್ಲ ಮೂರನೆಯದರ ಮೇಲೆ ನಿಂತಿತು. ಅದನ್ನು ಹಾಕಬೇಕಾದ ದಿನ ಭಾನುವಾರ ಬರುತ್ತಿತ್ತು. ಬಾಯಾರು ಬಂದದ್ದು ಶುಕ್ರವಾರ. ‘ಮನ್ಯಾಗ ನೀವ ಹಾಕ್ಕೊಳ್ರಿ, ಈಗ ರೂಢಿ ಆಗೈತಲ್ಲ’ ಎಂದು ಅವರು ಪೆನ್ನನ್ನು ಐಸಿನ ಪ್ಯಾಕೆಟ್ಟಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ಕೊಟ್ಟರು. ಹೇಗೆ ಇಡಬೇಕು, ಹೇಗೆ ತೆಗೆಯಬೇಕು ಎಂದು ನರ್ಸ್ ಹೇಳುತ್ತಿದ್ದಳು. ನಾನು ಆ ಹೊತ್ತಿಗೆ ಡಬ್ಬಿಯೊಳಗಿನ ಮಾಹಿತಿ ಹಾಳೆಯನ್ನು ಬಿಚ್ಚಿ ಅಡ್ಡಪರಿಣಾಮದ ಸಾಲುಗಳನ್ನು ಓದುತ್ತಿದ್ದೆ. ‘ಫ್ರಿಜ್‌ನಾಗ ಇಡೂದು, ಗೊತ್ತೈತಿ’ ಎಂದೆ.

ಸಂಜೆ ಅಡಿಗೆಮನೆಯಲ್ಲಿ ಕುಳಿತು ಅದೇ ಹಾಳೆಯನ್ನು ಅವ್ವನಿಗೆ ಕನ್ನಡಕ್ಕಿಳಿಸಿ ಹೇಳಿದೆ. ನನಗೆ ಬೇಕಾದ ಭಾಗ ಮಾತ್ರ: ಇದನ್ನು ಹೇಗೆ ತಯಾರು ಮಾಡುತ್ತಾರೆ. ಅವಳಿಗೂ ವಿಜ್ಞಾನ ತಿಳಿಯಲಿ ಎಂಬ ದೊಡ್ಡತನ. ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶದಲ್ಲಿ ಬೆಳೆಸುತ್ತಾರೆ ಎಂದೆ.

‘ಹಂಗಂದ್ರ?’

‘ಇಲಿ ಜಾತೀದು ಬೇ.’

ಹುಬ್ಬಿಗೆಲ್ಲ ಹಿಟ್ಟು ಹತ್ತಿಸಿಕೊಂಡು ಗಿರಣಿಯಿಂದ ಬಂದ ಅಪ್ಪ ಕೈ ತೊಳೆಯುತ್ತ, ‘ಗಣಪ್ಪನ ವಾಹನ ಆತಲ್ಲ. ಲಗೂನ ಮುಟ್ಟತೈತಿ ತಗೋ’ ಎಂದ.

ಅವ್ವ ನಗಲಿಲ್ಲ. ‘ಇಲೀ ಮಾಂಸ?’

‘ಮಾಂಸ ಅಲ್ಲ. ಅದರ ಕೋಶದಾಗ ಬೆಳಸಿ, ತೊಳದು, ಸೋಸಿ, ಔಷಧ ಅಷ್ಟ ತಗೀತಾರ.’

‘ತೊಳದ್ರ ಇಲಿ ಹೋಗತೈತೇನ?’

‘ಅದನ್ನೇನ ಬಾಯಾಗ ಹಾಕ್ಕೋತೇನೇನ ನಾ? ಸೂಜಿ ಅದು.’

‘ಬಾಯಿಂದ ಹೋಗಲಿ, ತೊಡೀಯಿಂದ ಹೋಗಲಿ, ಹೋಗೂದು ಒಳಗ ಹೌದಲ್ಲ?’

ನಾನು ನಕ್ಕೆ. ವೇದಿಕೆಯ ಮೇಲೆ ಎದುರಾಳಿ ಹೀಗೆ ನಕ್ಕಾಗ ಅವರ ಬತ್ತಳಿಕೆ ಖಾಲಿಯೆಂದು ನನಗೆ ತಕ್ಷಣ ತಿಳಿಯುತ್ತಿತ್ತು. ಅವ್ವನಿಗೂ ತಿಳಿದಿರಬೇಕು. ಆದರೆ ಹಾಕಿಕೊಳ್ಳಬೇಡ ಎಂದು ಅವಳು ಹೇಳಲಿಲ್ಲ. ಕೊರಳಲ್ಲಿ ಲಿಂಗವಿರುವ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು ರೊಟ್ಟಿ ಬಡಿಯಲು ಕುಳಿತಳು. ಲಿಂಗಕ್ಕೆ ತೋರಿಸದೆ, ಅರ್ಪಿಸದೆ ಅವಳ ಬಾಯಿಗೆ ನೀರೂ ಇಳಿಯುವುದಿಲ್ಲ. ಅರ್ಪಿಸಿದ ಮೇಲೆ ಅದು ಅನ್ನವಲ್ಲ, ನೀರಲ್ಲ, ಪ್ರಸಾದ. ಈ ಮನೆಯಲ್ಲಿ ಹೊಸ ಅಕ್ಕಿ, ಹೊಸ ಬಟ್ಟೆ, ನನ್ನ ಅಂಕಪಟ್ಟಿ, ಅಪ್ಪನ ಕಣ್ಣಿನ ಔಷಧ, ಎಲ್ಲವೂ ಜಗಲಿಯ ಮೇಲೆ ಒಂದು ಹೊತ್ತು ಇದ್ದು ಬಂದವೇ.

ಶನಿವಾರ ಶಿಗ್ಗಾವಿಯಿಂದ ಬರುವಾಗ ಬಂಕಾಪುರ ದಾಟುವಷ್ಟರಲ್ಲಿ ಕತ್ತಿನ ಎಡಬದಿ ಬಿಗಿಯತೊಡಗಿತು. ನನಗೆ ಆ ಬಿಗಿತ ಗೊತ್ತು. ಮನೆಗೆ ಬಂದು ಕೌದಿ ಇಳಿಬಿಟ್ಟು ಮಲಗಿದೆ. ಭಾನುವಾರ ಬೆಳಿಗ್ಗೆ, ನೋವು ಇನ್ನೂ ಪೂರ್ತಿ ಏಳದೆ ಗೊರಗೊರ ಎನ್ನುತ್ತಿದ್ದಾಗಲೇ ಸೂಜಿ ಹಾಕಿಕೊಂಡುಬಿಡೋಣವೆಂದು ಫ್ರಿಜ್ ತೆರೆದೆ. ಬಾಗಿಲಿನ ಅರೆಯಲ್ಲಿಟ್ಟಿದ್ದ ಪೆಟ್ಟಿಗೆ ಇರಲಿಲ್ಲ.

ಅದು ಜಗಲಿಯ ಮೇಲಿತ್ತು. ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೊಂದು ಬಿಲ್ವದ ಎಲೆ. ಪಕ್ಕದಲ್ಲಿ ನಾನು ಬಿಟ್ಟ ಲಿಂಗ.

‘ಯಾವಾಗಿಂದ ಐತಿ ಇದು ಇಲ್ಲೆ?’

‘ನಿನ್ನೆ ಸಂಜೀ ಪೂಜಾದಾಗ ಇಟ್ಟೇನಿ. ನೀ ಮಕ್ಕೊಂಡಿದ್ದಿ, ಕೇಳಾಕಾಗಲಿಲ್ಲ. ಈಗ ತಗೋ, ಏನೂ ಆಗೂದಿಲ್ಲ.’

‘ಅದು ಥಣ್ಣಗ ಇರಬೇಕು ಬೇ. ಹನ್ನೆರಡು ತಾಸು ಹೊರಗ ಇಟ್ಟಿ. ಹಾಳಾತು.’

‘ದೇವರ ಮುಂದ ಇಟ್ಟದ್ದು ಹೆಂಗ ಹಾಳಾಗತೈತಿ?’

ಆಮೇಲೆ ನಾನು ಮಾತಾಡಿದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಅದರಲ್ಲಿ ಮೊದಲನೆಯದಾಗಿ, ಎರಡನೆಯದಾಗಿ ಎಲ್ಲ ಇತ್ತು. ದೇವರಿಗೆ ಫ್ರಿಜ್ಜಿನ ಕೆಲಸ ಗೊತ್ತಿಲ್ಲ ಎಂದೆ. ನನ್ನ ಮೂರು ತಿಂಗಳನ್ನು ನೀನು ಮೂರು ಬೆರಳಿನಿಂದ ಅಳಿಸಿದೆ ಎಂದೆ. ಹೇಳುವಾಗಲೇ ಆ ಸಾಲು ಚೆನ್ನಾಗಿ ಕೂತಿತು ಎಂದು ನನಗನ್ನಿಸಿತು, ಅದೇ ನಾಚಿಕೆಯ ಸಂಗತಿ. ಅವ್ವ ಸೆರಗಿನಿಂದ ಪೆಟ್ಟಿಗೆಯ ವಿಭೂತಿ ಒರೆಸಿ ನನ್ನ ಕೈಗೆ ಕೊಟ್ಟಳು. ಅಪ್ಪ ಬಾಗಿಲಲ್ಲಿ ನಿಂತಿದ್ದವನು, ‘ಸಾಕು, ತಲಿ ಏಳತೈತಿ’ ಎಂದಷ್ಟೇ ಹೇಳಿ ಗಿರಣಿ ಬಂದ್ ಮಾಡಲು ಹೋದ.

ತಲೆ ಎದ್ದೇಬಿಟ್ಟಿತ್ತು. ಕಣ್ಣು ಬಿಡಲಾಗುತ್ತಿರಲಿಲ್ಲ. ಹೋದ ತಂಪನ್ನು ಬೇಗ ಮರಳಿ ತರಬೇಕು ಎಂಬುದೊಂದೇ ನನ್ನ ತಲೆಯಲ್ಲಿ. ಪೆನ್ನನ್ನು ಪೆಟ್ಟಿಗೆಯಿಂದ ತೆಗೆದು ಫ್ರಿಜ್ಜಿನ ಮೇಲಿನ ಐಸಿನ ಖಾನೆಯಲ್ಲಿ ತುರುಕಿದೆ. ಒಂದು ತಾಸು ಇರಲಿ, ಆಮೇಲೆ ನೋಡೋಣ ಎಂದುಕೊಂಡು ಮಲಗಿದೆ. ಒಂದು ತಾಸು ಆ ಕೋಣೆಯಲ್ಲಿ ಎಷ್ಟೆಂದು ಅಳೆಯುವವರು ಯಾರು? ಎರಡು ಸಲ ವಾಂತಿಯಾಯಿತು. ಅವ್ವ ಬಂದು ಬೋಗುಣಿ ಹಿಡಿದಳು, ತೊಳೆದಿಟ್ಟು ಹೋದಳು. ನಾನು ಎದ್ದಾಗ ಕೌದಿಯ ಅಂಚಿನ ಬೆಳಕು ಹಳದಿಯಾಗಿತ್ತು, ಸಂಜೆ.

ಪೆನ್ನನ್ನು ಹೊರಗೆ ತೆಗೆದೆ. ಔಷಧ ಕಾಣಲೆಂದು ಅದರ ಪಕ್ಕೆಯಲ್ಲಿ ಸಣ್ಣ ಕಿಂಡಿಯೊಂದಿರುತ್ತದೆ. ಅದರೊಳಗೆ ಬೆಳ್ಳಗೆ ಗಟ್ಟಿಯಾಗಿತ್ತು. ಆಗ, ಅವತ್ತು ಮೊದಲ ಬಾರಿಗೆ, ಮಾಹಿತಿ ಹಾಳೆಯಲ್ಲಿ ಹೇಗೆ ಇಡಬೇಕು ಎಂಬ ಭಾಗವನ್ನು ಹುಡುಕಿದೆ. ಮೂರೇ ಸಾಲು. ಫ್ರಿಜ್ಜಿನಿಂದ ಹೊರಗೆ, ಕೋಣೆಯ ಸಾಧಾರಣ ಸೆಕೆಯಲ್ಲಿ, ಕೆಲವು ದಿನ ಇದ್ದರೂ ನಡೆಯುತ್ತದೆ. ಹಾಕುವ ಮೊದಲು ಹೇಗಿದ್ದರೂ ಸ್ವಲ್ಪ ಹೊತ್ತು ಹೊರಗಿಡಬೇಕು. ಹೆಪ್ಪುಗಟ್ಟಲು ಬಿಡಬಾರದು, ಹೆಪ್ಪುಗಟ್ಟಿದ್ದರೆ ಬಳಸಬಾರದು.

ಜಗಲಿಯ ಮೇಲೆ ರಾತ್ರಿ ಕಳೆದ ಪೆನ್ನು ಬೆಳಿಗ್ಗೆ ನನ್ನ ಕೈಗೆ ಬಂದಾಗ ಸರಿಯಾಗಿಯೇ ಇತ್ತು. ಅದನ್ನು ಕೊಂದದ್ದು ನಾನು.

ಹಾಳೆಯನ್ನು ಮಡಚಿದೆ. ಪೆನ್ನನ್ನು ಪತ್ರಿಕೆಯಲ್ಲಿ ಸುತ್ತಿ ಕಾಲೇಜಿನ ಬ್ಯಾಗಿನ ಒಳಖಾನೆಗೆ ಹಾಕಿದೆ. ಅವ್ವ ಬಾಗಿಲಿಗೆ ಬಂದು, ‘ಹಾಕ್ಕೊಂಡೇನ?’ ಎಂದು ಕೇಳಿದಳು.

‘ಇಲ್ಲ. ಹಾಳಾಗೈತಿ. ಮುಂದಿನ ತಿಂಗಳ ಸವಣೂರಿಗೆ ಹೋದಾಗ ಕೇಳೂಣು.’

ಇದರಲ್ಲಿ ಒಂದು ಪದವಾದರೂ ಸುಳ್ಳೆಂದು ಯಾರೂ ತೋರಿಸಲಾರರು. ಮಾತಿನಲ್ಲಿ ತರಬೇತಾದವರು ಸುಳ್ಳು ಹೇಳುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಪೆನ್ನು ತಕ್ಷಣ ಸಿಗುವಂಥದ್ದಲ್ಲ. ಹುಬ್ಬಳ್ಳಿಯಿಂದ ತರಿಸಬೇಕು, ಬಾಯಾರು ಬರೆದುಕೊಡಬೇಕು. ಮುಂದಿನ ಭೇಟಿಗೆ ನಾಲ್ಕು ವಾರ. ಆ ನಾಲ್ಕು ವಾರ ನಾನು ಎರಡು ಕೋಣೆಗಳಲ್ಲಿ ಬಂದಿಯಾಗಿದ್ದೆ. ಒಂದು ಕೌದಿಯ ಹಿಂದಿನದು. ಎರಡನೆಯದಕ್ಕೆ ಗೋಡೆ ಇರಲಿಲ್ಲ.

ಅವ್ವ ಫ್ರಿಜ್ಜನ್ನು ಮುಟ್ಟುವುದು ಬಿಟ್ಟಳು. ಕೊತ್ತಂಬರಿ ಬೇಕಾದರೂ ಬಂದು ಕೇಳುವಳು: ‘ತಗೀಲೇನ?’ ನಾನು ಕಾಲೇಜಿಗೆ ಹೋದ ದಿನ ಅಪ್ಪ ಗಿರಣಿಯಿಂದ ಎದ್ದು ಬಂದು ಮೊಸರು ತೆಗೆದುಕೊಡಬೇಕು. ‘ಏನ ಹಚ್ಚೀಯ ಇದು? ಅದೇನ ಕರೆಂಟ್ ಹೊಡೀತೈತೇನ?’ ಎಂದು ಅವನು ಬೈದರೆ, ‘ನನ್ನ ಕೈ ಛಲೋ ಅಲ್ಲ’ ಎನ್ನುವಳು. ಚಹಾ ಬಿಟ್ಟಳು. ಅವಳು ದಿನಕ್ಕೆ ಐದು ಸಲ ಚಹಾ ಕುಡಿಯುವ ಹೆಂಗಸು. ಯಾರಿಗೆ ಹರಕೆ ಹೊತ್ತಳು ಎಂದು ನಾನು ಕೇಳಲಿಲ್ಲ. ಕೇಳಿದರೆ ಮಾತು ಬೆಳೆಯುತ್ತಿತ್ತು, ಬೆಳೆದರೆ ಆ ಮೂರು ಸಾಲಿಗೆ ಬಂದು ಮುಟ್ಟುತ್ತಿತ್ತು.

ಒಂದು ವಾಕ್ಯದಿಂದ ಅವಳನ್ನು ಬಿಡಿಸಬಹುದಿತ್ತು. ಯಾಕೆ ಹೇಳಲಿಲ್ಲ? ನನ್ನೊಳಗೆ ಕುಳಿತ ವಕೀಲೆ ದಿನಕ್ಕೊಂದು ಕಾರಣ ಕೊಟ್ಟಳು. ಕೇಳದೆ ತೆಗೆದದ್ದಂತೂ ತಪ್ಪೇ ತಾನೆ? ಅವಳು ಮುಟ್ಟದಿದ್ದರೆ ನಾನು ಐಸಿನ ಖಾನೆಗೆ ಹಾಕುತ್ತಿದ್ದೆನೇ? ಈಗ ಹೇಳಿದರೆ ದೇವರ ಮುಂದಿಟ್ಟದ್ದು ಹಾಳಾಗಲಿಲ್ಲ ಎಂದು ಅವಳ ನಂಬಿಕೆ ಗಟ್ಟಿಯಾಗುವುದಿಲ್ಲವೇ? ಇದು ಎಲ್ಲಕ್ಕಿಂತ ನಾಚಿಕೆಗೇಡಿನ ಕಾರಣ, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಕಾರಣವೂ ಇದೇ. ಹತ್ತು ವರ್ಷ ನಾನು ಅವಳೊಂದಿಗೆ ನಡೆಸಿದ ವಾದದಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ, ಅದಕ್ಕೆ ಅವಳ ಐದು ಕಪ್ ಚಹಾ ಹೋದರೂ ಸರಿ. ಆ ತಿಂಗಳು ಮತ್ತೆ ಹತ್ತೊಂಬತ್ತು ದಿನ ಬಂತು. ಒಂದೊಂದು ಸಲ ಬೋಗುಣಿ ಹಿಡಿದು ನಿಂತಾಗಲೂ ಅವ್ವ ಅದನ್ನು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದಾಳೆಂದು ನನಗೆ ಕಾಣುತ್ತಿತ್ತು.

ಸವಣೂರಿಗೆ ಹೊರಡುವ ದಿನ ಅವಳು ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. ‘ನಾನೂ ಬರ್ತೇನಿ’ ಎಂದಳು. ಬೇಡವೆಂದೆ. ‘ತಮ್ಮ ಮಾತ ಕೇಳಿಲ್ಲ ಅಂತ ಡಾಕ್ಟರ್ ಬಾಯಾರು ನಿನಗ ಸೂಜಿ ಬಂದ್ ಮಾಡಿದ್ರ? ತಪ್ಪು ಯಾರದು ಅನ್ನೂದು ಅವರಿಗೆ ಗೊತ್ತಾಗಬೇಕು’ ಎಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಬಿಸಿಲಿಗೆ ತನ್ನ ಸೆರಗು ಅಡ್ಡ ಹಿಡಿದಳು. ಬಂಕಾಪುರದಿಂದ ಸವಣೂರಿನ ತನಕ ಹೇಳಲು ಅರ್ಧ ತಾಸಿತ್ತು. ಹೇಳಲಿಲ್ಲ. ಡಾಕ್ಟರ ಕೋಣೆಯೊಳಗೆ ಅವಳಿಗಿಂತ ಮುಂಚೆ ನಾನೇ ಮಾತು ತೆಗೆಯುತ್ತೇನೆ ಎಂದುಕೊಂಡೆ.

ಅವಳೇ ತೆಗೆದಳು. ಕುಂದ್ರಿ ಎಂದರೂ ಕುಳಿತುಕೊಳ್ಳದೆ ಮೇಜಿನ ಮುಂದೆ ಕೈ ಮುಗಿದು ನಿಂತು, ‘ಈಕೀದು ಏನೂ ತಪ್ಪಿಲ್ರಿ ಬಾಯಾರ. ನಾ ಓದಿದಾಕಿ ಅಲ್ಲ. ಫ್ರಿಜ್‌ನಾಗಿಂದ ತಗದು ಇಡೀ ರಾತ್ರಿ ಜಗಲಿ ಮ್ಯಾಲ ಇಟ್ಟೆ. ನನ್ನ ಕೈಯಾರೆ ಹಾಳ ಮಾಡಿದೆ. ಈಕೀಗಿ ಮಾತ್ರ ಬಂದ್ ಮಾಡಬ್ಯಾಡ್ರಿ’ ಎಂದಳು.

ಬಾಯಾರು ಕನ್ನಡಕ ತೆಗೆದರು. ‘ಒಂದ ರಾತ್ರಿ?’

‘ಹೌದ್ರಿ. ಸಂಜಿಂದ ಮುಂಜಾನಿ ತನಾ.’

‘ಅಷ್ಟಕ್ಕ ಏನೂ ಆಗೂದಿಲ್ರಿ ಅವ್ವಾರ. ಮನಿಯೊಳಗ ನೆಳ್ಳಾಗ ಇತ್ತಲ್ಲ? ಕೆಲವು ದಿನ ಇದ್ರೂ ನಡೀತೈತಿ ಅದು. ನೀವೇನ ಹಾಳ ಮಾಡಿಲ್ಲ.’ ಆಮೇಲೆ ನನ್ನ ಕಡೆ ತಿರುಗಿದರು. ‘ಮತ್ತ ನೀವ ಯಾಕ ಹಾಕ್ಕೊಳ್ಳಲಿಲ್ರಿ?’

ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ನಾನು ಗಂಟೆ ಬಾರಿಸುವ ಮುಂಚೆ ಉತ್ತರ ಕೊಟ್ಟಿದ್ದೇನೆ. ಈ ಪ್ರಶ್ನೆಗೆ ಉತ್ತರ ಕೊಡುವ ಹೊತ್ತಿಗೆ ಹೊರಗಿನ ನರ್ಸ್ ಇನ್ನೊಬ್ಬರ ಹೆಸರನ್ನು ಎರಡು ಸಲ ಕೂಗಿದ್ದಳು. ಬ್ಯಾಗಿನಿಂದ ಪತ್ರಿಕೆಯ ಸುರುಳಿ ತೆಗೆದು ಮೇಜಿನ ಮೇಲಿಟ್ಟೆ.

‘ನಾ ಅದನ್ನ ಐಸಿನ ಖಾನಾದಾಗ ಹಾಕಿದ್ನಿರಿ. ಗಟ್ಟಿ ಆತು. ಆಮ್ಯಾಲೆ ಓದಿದೆ.’

‘ಆವತ್ತ ಓದಿದ್ರೇನು?’

‘ಆವತ್ತ ಸಂಜೀಕನ.’

ಬಾಯಾರು ನನ್ನ ಅವ್ವನ ಮುಖ ನೋಡಿ ಮುಂದಿನ ಪ್ರಶ್ನೆ ಕೇಳಲಿಲ್ಲ. ಒಂದು ತಿಂಗಳು ತಪ್ಪಿದ್ದರಿಂದ ಎಣಿಕೆ ಹೊಸದಾಗಿ ಶುರುವಾಗಬೇಕು, ಮತ್ತೆ ಮೂರು ಸೂಜಿ, ಆ ಮೇಲೆಯೇ ತೀರ್ಮಾನ ಎಂದರು. ಬಂದ್ ಮಾಡುವುದಿಲ್ಲ ಎಂದು ಅವರು ಹೇಳಿದಾಗ ಅವ್ವ ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತಳು. ತಮ್ಮ ಜೊತೆ ಹುಬ್ಬಳ್ಳಿಯಿಂದ ತಂದಿದ್ದ ಹೊಸ ಪೆನ್ನನ್ನು ಬಾಯಾರು ಮನೆಗೆ ಕಳಿಸಲಿಲ್ಲ. ಪಕ್ಕದ ಕೋಣೆಯಲ್ಲಿ, ನರ್ಸಿನ ಮುಂದೆ, ನಾನೇ ಹಾಕಿಕೊಳ್ಳಬೇಕಾಯಿತು. ನಾನು ಪೆನ್ನನ್ನು ಅವ್ವನ ಕಡೆ ಚಾಚಿದೆ. ‘ಹಿಡಕೋತಿಯೇನ ಒಂದ ಸ್ವಲ್ಪ?’

‘ಬ್ಯಾಡ. ನಿನ್ನ ಕೈಯಾಗನ ಇರಲಿ. ಏನಾರ ಆದ್ರ ನಿಂದ.’

ತೊಡೆಗೆ ಒತ್ತಿದೆ. ಕಿಟ್ ಎಂದು ಸದ್ದಾಗಿ, ಎಣಿಸಿದಷ್ಟು ಹೊತ್ತು ಉರಿದು, ಮುಗಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಚಹಾ ತರಿಸಿಕೊಂಡು ಕುಡಿದಳು. ಎರಡನೆಯದನ್ನೂ ತರಿಸಿಕೊಂಡಳು. ಹರಕೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದುಕೊಂಡೆ. ಹಾನಗಲ್ಲಿನ ಬಸ್ಸು ಬಂತು. ಹತ್ತಿ ಕುಳಿತ ಮೇಲೆ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದಳು.

‘ನಾ ಇಷ್ಟ ದಿನ ಫ್ರಿಜ್ ಮುಟ್ಟಲಿಲ್ಲ. ನೋಡಿದಿಲ್ಲೋ ನೀ?’

‘ನೋಡೇನಿ ಬೇ.’

‘ನೋಡಿ ಸುಮ್ಮನಿದ್ದಿ.’

ತಪ್ಪಾಯಿತು ಎಂದೆ. ಅವಳು ಹೂಂ ಎಂದಳು. ಅದು ಕ್ಷಮೆಯ ಹೂಂ ಅಲ್ಲ, ಕೇಳಿಸಿತು ಎಂಬ ಹೂಂ. ಸೆರಗು ಮಾತ್ರ ಹೋಗುವಾಗಿನಂತೆಯೇ ಬಿಸಿಲಿಗೆ ಅಡ್ಡವಾಗಿತ್ತು.

ಆ ಸೂಜಿಯ ನಂತರದ ತಿಂಗಳಲ್ಲಿ ಏನೋ ಸಡಿಲಾದಂತೆ ಕಂಡಿತು. ನೋವು ಬಂದರೂ ಒಂದೊಂದು ಸಲ ಕೋಣೆಯ ತನಕ ಹೋಗದೆ ಕುಳಿತಲ್ಲೇ ಕಳೆಯುತ್ತಿತ್ತು. ತರಗತಿಯಲ್ಲಿ ಒಂದು ವಾರ ಪೂರ್ತಿ ನಿಂತೆ. ನನಗೆ ಆಸೆ ಹುಟ್ಟಿತು, ಆಸೆಯ ಜೊತೆ ಹೊಸ ಹೆದರಿಕೆ. ಇದು ಸಾಲದು ಎಂದು ಬಾಯಾರಿಗನಿಸಿದರೆ? ಇಳಿಕೆ ಕಾಣದಿದ್ದರೆ ಬಿಡೋಣ ಎಂದರೆ? ಬೆಳಿಗ್ಗೆ ಎದ್ದ ನೋವು ಮಧ್ಯಾಹ್ನಕ್ಕೆ ಇಳಿದ ಒಂದು ದಿನವನ್ನು ನಾನು ವಹಿಯಲ್ಲಿ ಬರೆಯಲಿಲ್ಲ. ಅದು ನೋವೇ ಅಲ್ಲ, ಭಾರ ಎಂದುಕೊಂಡೆ. ಇನ್ನೊಂದು ದಿನ ನಿದ್ದೆಗೆಟ್ಟದ್ದರಿಂದ ಹಾಗಾಯಿತು ಎಂದುಕೊಂಡು ಅದನ್ನೂ ಬಿಟ್ಟೆ.

ಮುಂದಿನ ಭೇಟಿಗೂ ಅವ್ವ ಬಂದಳು, ಯಾರೂ ಕರೆಯದೆ. ವಹಿ ನೋಡಿ ಬಾಯಾರು ಎಷ್ಟು ದಿನ ಎಂದು ಕೇಳಿದರು.

‘ಹನ್ನೆರಡ್ರಿ’ ಎಂದೆ.

ಅವರು ಬರೆಯಲು ಪೆನ್ನು ಎತ್ತಿದರು. ಅವ್ವ ಚೀಲದಿಂದ ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ್ದನ್ನು ತೆಗೆದು ಬಿಡಿಸಿದಳು. ಅದರಲ್ಲಿ ಕೆಲವು ತಾರೀಖಿನ ಮೇಲೆ ಸೀಸದಕಡ್ಡಿಯ ಗುರುತು. ಅವಳು ಅದನ್ನು ಯಾವಾಗ ಶುರು ಮಾಡಿದಳೋ ನನಗೆ ಗೊತ್ತಿರಲಿಲ್ಲ.

‘ಇವೇನ್ರಿ ಅವ್ವಾರ?’

‘ಈಕಿ ರೊಟ್ಟಿ ಅರ್ಧಕ್ಕ ಬಿಟ್ಟ ದಿನಾರಿ. ತಲಿ ಇದ್ದ ದಿನಾ ಪೂರಾ ಉಣ್ಣೂದಿಲ್ಲ ಈಕಿ. ಬಾಯಿಲೆ ಏನರ ಹೇಳಲಿ.’

‘ಎಷ್ಟ ಅದಾವು?’

‘ಹದಿನಾಕು.’

ಬಾಯಾರು ನನ್ನ ಕಡೆ ನೋಡಿದರು. ಆಧಾರ ಏನು ಎಂದು ಕೇಳಬಹುದಿತ್ತು. ಆಧಾರ ಮೇಜಿನ ಮೇಲೆ ನಾಲ್ಕು ಮಡಿಕೆಯ ಗೆರೆಯೊಂದಿಗೆ ಬಿದ್ದಿತ್ತು, ಮತ್ತು ಆ ಎರಡು ತಾರೀಖು ಯಾವುವೆಂದು ನೋಡದೆಯೇ ನನಗೆ ಗೊತ್ತಿತ್ತು.

‘ಹದಿನಾಕ ಬರಕೊಳ್ರಿ’ ಎಂದೆ.

ಅವರು ಹದಿನಾಲ್ಕು ಎಂದು ಬರೆದುಕೊಂಡರು. ‘ಹತ್ತೊಂಬತ್ತರಿಂದ ಹದಿನಾಕು. ನೋಡೋಣು, ಇನ್ನೂ ಎರಡ ಅದಾವಲ್ಲ’ ಎಂದು ಮುಂದಿನ ಪೆನ್ನಿಗೆ ನರ್ಸನ್ನು ಕರೆದರು. ಅವ್ವ ಹಾಳೆಯನ್ನು ಮತ್ತೆ ಅದೇ ಮಡಿಕೆಗಳ ಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡಳು.